ಮಗಳು ವಾರ್ಡ್‌ನಲ್ಲಿ, 120 ಸೋಪ್ ಬಾಕಿ. ಆರ್ಡರ್ ಬಿಡ್ಲಾ, ಇಟ್ಕೊಳ್ಳಲಾ?

ಸೋಪಪ್ಪ:
ನಮಸ್ಕಾರ ಎಲ್ಲರಿಗೂ. ವಾರ್ಡ್‌ನಲ್ಲಿ ಕೂತು ಮೊಬೈಲಲ್ಲಿ ಟೈಪ್ ಮಾಡ್ತಿದೀನಿ, ಉದ್ದ ಆಗತ್ತೆ, ತಪ್ಪಿದ್ರೆ ಹೊಂದ್ಕೊಂಡು ಓದಿ.

ಮಗಳಿಗೆ ಐದು ವರ್ಷ. ಮೂರು ವಾರದಿಂದ ಬೆಳಗ್ಗೆ ಎದ್ರೆ ರೆಪ್ಪೆ ಊದಿರ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಇಳಿದು ಹೋಗ್ತಿತ್ತು, ಅಲರ್ಜಿ ಅಂತ ಸಿರಪ್ ಕೊಟ್ರು, ನಾವೂ ಅಲರ್ಜೀನೇ ಅಂದ್ಕೊಂಡ್ವಿ. ಶುಕ್ರವಾರ ಸಂಜೆ ಚಪ್ಪಲಿ ಹಾಕೋಕೆ ಹೋದ್ರೆ ಕಾಲು ಹಿಡೀತಿಲ್ಲ. ಹೆಬ್ಬೆರಳಲ್ಲಿ ಒತ್ತಿ ನೋಡಿದ್ರೆ ಗುಳಿ ಬಿದ್ದು ಹಾಗೇ ನಿಂತ್ಬಿಡ್ತು. 18 ಕೆಜಿ ಇದ್ದವಳು 21 ಚಿಲ್ರೆ ಆಗಿದಾಳೆ. ಯೂರಿನ್ ಟೆಸ್ಟ್‌ನಲ್ಲಿ ಪ್ರೋಟೀನ್ 4 ಪ್ಲಸ್ ಅಂದ್ರೆ ತುಂಬಾ ಜಾಸ್ತಿ, ರಕ್ತದಲ್ಲಿ ಆಲ್ಬುಮಿನ್ ಅನ್ನೋ ಪ್ರೋಟೀನ್ ಕಡಿಮೆ. ನೆಫ್ರೋಟಿಕ್ ಸಿಂಡ್ರೋಮ್ ಅಂದ್ರು, ಅವತ್ತೇ ಅಡ್ಮಿಟ್. ಕಿಡ್ನಿಯ ಜರಡಿ ಸಡಿಲ ಆಗಿ ಪ್ರೋಟೀನ್ ಯೂರಿನ್‌ನಲ್ಲಿ ಹೊರಟ್ಹೋಗ್ತಿದೆ, ಅದಿಲ್ದೆ ನೀರು ರಕ್ತನಾಳದಲ್ಲಿ ನಿಲ್ಲದೆ ಮೈಗೆಲ್ಲಾ ಇಳೀತಿದೆ ಅಂತ ಡಾಕ್ಟರು ಚೀಟಿ ಹಿಂದೆ ಚಿತ್ರ ಬರೆದು ತೋರಿಸಿದ್ರು.

ಅವರು ಕೇಳಿದ ಇನ್ನೊಂದು ಪ್ರಶ್ನೆ ತಲೆಯಿಂದ ಹೋಗ್ತಿಲ್ಲ. "ಯೂರಿನ್‌ನಲ್ಲಿ ನೊರೆ ಬರ್ತಿತ್ತಾ?" ಬರ್ತಿತ್ತು. ನಾನೇ ನೋಡಿದ್ದೆ. ಟಾಯ್ಲೆಟ್ ತೊಳೆದ ಲಿಕ್ವಿಡ್ ಉಳಿದಿರ್ಬೇಕು ಅಂತ ಸುಮ್ನಾದೆ. ಇಡೀ ದಿನ ನೊರೆ ನೋಡೋದೇ ನನ್ನ ಕೆಲಸ ಕಣ್ರಿ, ಮನೇಲಿ ಸೋಪ್ ಮಾಡೋನು ನಾನು.

ಈಗ ಆ ಕಥೆ. ನಾಲ್ಕು ತಿಂಗಳ ಹಿಂದೆ ಲ್ಯಾಬ್ ಕೆಲಸ ಹೋಯ್ತು. ಹೆಂಡ್ತಿ ಕೆಲಸ ಇದೆ, ಮಗಳ ಇನ್ಶೂರೆನ್ಸ್ ಅವಳ ಆಫೀಸಿಂದು, ಅದಕ್ಕೇ ಅವಳು ರಜೆ ಜಾಸ್ತಿ ಹಾಕೋ ಹಾಗಿಲ್ಲ, ಹಗಲು ರಾತ್ರಿ ವಾರ್ಡ್‌ನಲ್ಲಿ ನಾನೇ. (ಶಿಫ್ಟ್ ಬದಲಾದಾಗೆಲ್ಲ ಹೊಸ ಸಿಸ್ಟರ್ ಬಂದು "ತಾಯಿ ಎಲ್ಲಿ?" ಅಂತಾರೆ. ಹನ್ನೊಂದು ಸಲ ಆಯ್ತು.) ಕೆಲಸ ಹೋದ್ಮೇಲೆ ಕೋಲ್ಡ್ ಪ್ರೋಸೆಸ್ ಸೋಪ್ (ಎಣ್ಣೆಗೆ ಕಾಸ್ಟಿಕ್ ಸೋಡಾ ನೀರು ಬೆರೆಸಿ, ಬೇಯಿಸದೆ ಮಾಡೋದು) ಶುರು ಮಾಡ್ದೆ, ಮೊದಲು ನೆಂಟರಿಗೆ, ಆಮೇಲೆ ನೆಂಟರ ನೆಂಟರಿಗೆ, ಹೋದ ತಿಂಗಳು ಮೊದಲನೇ ದೊಡ್ಡ ಆರ್ಡರ್ ಬಂತು. ಒಂದು ಆಫೀಸಿನ ಕಾರ್ಯಕ್ರಮಕ್ಕೆ 200 ಸೋಪ್, ಒಂದೊಂದೂ 100 ಗ್ರಾಂ, ಅರ್ಧ ದುಡ್ಡು ಅಡ್ವಾನ್ಸ್. 80 ಆಗಿವೆ, ಒಣಗ್ತಿವೆ. 120 ಬಾಕಿ. ಒಂದು ಬ್ಯಾಚ್‌ಗೆ 40 ಅಂದ್ರೆ ಮೂರು ಬ್ಯಾಚ್. ಕಾರ್ಯಕ್ರಮಕ್ಕೆ ಏಳು ವಾರ ಇದೆ, ಕೇಳೋಕೆ ಬೇಕಾದಷ್ಟು ಟೈಮ್ ಅನ್ಸತ್ತೆ, ಆದ್ರೆ ಸುರಿದ ಮೇಲೆ ಕಡಿಮೆ ಅಂದ್ರೂ ನಾಲ್ಕು ವಾರ ಒಣಗ್ಬೇಕು, ಪ್ಯಾಕಿಂಗ್‌ಗೆ ಒಂದು ವಾರ. ಅಲ್ಲಿಗೆ ಎರಡು ವಾರದೊಳಗೆ ಮೂರೂ ಬ್ಯಾಚ್ ಅಚ್ಚಿಗೆ ಬೀಳ್ಲೇಬೇಕು.

ಡಾಕ್ಟರು "ಒಂದು ವಾರ ಹತ್ತು ದಿನ ನೋಡೋಣ" ಅಂತಾರೆ. ರಾತ್ರಿ ಹೆಂಡ್ತಿನ ಕೂರಿಸಿ ನಾಲ್ಕು ಗಂಟೆ ಮನೆಗೆ ಹೋಗಿ ಬಂದ್ರೆ ಒಂದು ಬ್ಯಾಚ್ ಆಗತ್ತೆ. ಹೋಗ್ಲಾ? ಇಲ್ಲಾ ಆರ್ಡರ್ ವಾಪಸ್ ಕೊಟ್ಬಿಡ್ಲಾ? ಅಡ್ವಾನ್ಸ್‌ನಲ್ಲಿ ಮುಕ್ಕಾಲು ಭಾಗ ಎಣ್ಣೆಗೇ ಹಾಕಿಯಾಗಿದೆ. ಯಾರಾದ್ರೂ ಇಂಥದ್ರಲ್ಲಿ ಬಿದ್ದು ಎದ್ದೋರು ಇದ್ರೆ ಹೇಳಿ.

ಖಡಕ್ ಮಾತು:
ಮಗು ಮೈ ಊದ್ಕೊಂಡು ಮಲಗಿದೆ, ನಿಮಗೆ ಸೋಪಿನ ಲೆಕ್ಕ. ಆರ್ಡರ್ ಇವತ್ತಿಲ್ಲ ನಾಳೆ ಬರತ್ತೆ ಸ್ವಾಮಿ. ಬೇಜಾರ್ ಮಾಡ್ಕೋಬೇಡಿ, ನೇರ ಹೇಳ್ದೆ.

ಕತ್ರಿ ದಾರ:
@ಖಡಕ್ ಮಾತು, ಲೆಕ್ಕ ಬರ್ತೈತ್ರಿ, ಬರದ ಎಲ್ಲಿ ಹೋಗ್ತೈತಿ. ಮಗು ನಿದ್ದಿ ಮಾಡಿದ್ಮ್ಯಾಲೆ ರಾತ್ರಿ ಎರಡಕ್ಕ ವಾರ್ಡಿನ ಫ್ಯಾನ್ ನೋಡ್ಕೋತ ಕುಂತಾಗ ಲೆಕ್ಕ ಬಿಟ್ಟು ಬ್ಯಾರೆ ಏನೂ ಬರೂದಿಲ್ಲ. ಬರಲಿಲ್ಲ ಅಂದೋರು ಬಿಲ್ ಕಟ್ಟೋರಲ್ಲ ಅಷ್ಟ.

ಅಣ್ಣಾ, ನಂದೂ ಹಿಂಗ ಆಗಿತ್ತು. ಮಗನ ತೊಡಿ ಎಲುಬು ಮುರದು ಕಾಲಿಗೆ ತೂಕ ಕಟ್ಟಿ ಮೂರು ವಾರ ಮಲಗಿಸಿದ್ರು. ನಾ ಆಗಷ್ಟ ಎರಡನೇ ಹೊಲಿಗಿ ಮಷೀನ್ ತಗೊಂಡಿದ್ದೆ, ಒಂದು ಸಾಲಿಯವ್ರು 30 ಜೋಡಿ ಯೂನಿಫಾರ್ಮ್ ಕೊಟ್ಟಿದ್ರು. ಅವರಿಗೆ ಫೋನ್ ಮಾಡಿ ಹೇಳಿದ್ರ ಬ್ಯಾರೆಯವ್ರಿಗೆ ಕೊಟ್ಟಾರು ಅಂತ ಬಾಯಿ ಮುಚ್ಕೊಂಡು ಕುಂತೆ. ಅಳತಿ ಚೀಟಿ ತಂದು ವಾರ್ಡ್‌ನ್ಯಾಗ ಕಟಿಂಗ್ ಮಾಡ್ದೆ. ನಿದ್ದಿಗಣ್ಣಾಗ 28ರ ಸೊಂಟಕ್ಕ 26 ಕತ್ತರಿಸಿಟ್ಟೆ, ಒಂದಲ್ಲ, ಆರು. ಕೊಡೋ ಹಿಂದಿನ ದಿನ ಹೇಳಬೇಕಾತು. ಆ ಹೆಡ್ ಮೇಡಂ ಅಂದಿದ್ದು ಇನ್ನೂ ನೆನಪೈತಿ: "ಹುಡುಗನ ಕಾಲು ಮುರದದ್ದಕ್ಕ ನಾ ಏನೂ ಅಂತಿರ್ಲಿಲ್ಲ, ಮೂರು ವಾರ ನೀ ಸುಮ್ಮನಿದ್ದಿಯಲ್ಲ ಅದಕ್ಕ ಸಿಟ್ಟು ಬಂದೈತಿ." ಮುಂದಿನ ವರ್ಷ ಕೆಲಸ ಕೊಡಲಿಲ್ಲ.

ನಾಳೆ ಮುಂಜಾನೆ ಫೋನ್ ಮಾಡ್ರಿ. ಮೆಸೇಜ್ ಬ್ಯಾಡ, ಫೋನ್.

ಎರಡನೇ ಇನ್ನಿಂಗ್ಸ್:
ಫೋನ್ ಮಾಡಿ ಸರಿ, ಆದ್ರೆ "ಪ್ರಯತ್ನ ಮಾಡ್ತೀನಿ ಮೇಡಂ" ಅಂತ ಮಾತ್ರ ಹೇಳ್ಬೇಡಿ. ಅವರು ಅದನ್ನ 200 ಅಂತಾನೇ ಕೇಳಿಸ್ಕೊಳ್ತಾರೆ. ಈಗ ಕೈಲಿ ಎಷ್ಟಿದೆ? 80. ಅಷ್ಟೇ ಹೇಳಿ.

ತಕ್ಕಡಿ:
ನಾನು ಎಂಟು ವರ್ಷದಿಂದ ಸೋಪ್ ಮಾಡುದು. ಮಾರಾಯ್ರೆ ಒಂದು ಮಾತು, ನಿದ್ದೆ ಇಲ್ಲದೆ ಕಾಸ್ಟಿಕ್ ಸೋಡಾದ ಡಬ್ಬ ಮುಟ್ಲಿಕ್ಕೆ ಹೋಗ್ಬೇಡಿ. ನಿಮಗೂ ಗೊತ್ತುಂಟು, ಲ್ಯಾಬ್‌ನಲ್ಲಿ ಇದ್ದವರು ನೀವು, ನೀರಿಗೆ ಕಾಸ್ಟಿಕ್ ಹಾಕ್ಬೇಕು, ಕಾಸ್ಟಿಕ್‌ಗೆ ನೀರು ಹಾಕಿದ್ರೆ ಕುದ್ದು ಮುಖಕ್ಕೆ ಹಾರ್ತದೆ. ಎಚ್ಚರ ಇದ್ದಾಗ ಎಲ್ಲರಿಗೂ ಗೊತ್ತುಂಟು. ಐದು ರಾತ್ರಿ ಕುರ್ಚಿಯಲ್ಲಿ ಮಲಗಿದವನ ಕೈಗೆ ಗೊತ್ತಿರುದಿಲ್ಲ.

ಎರಡನೇದು, ಕಣ್ಣಿಗೆ ಹಾರುದು ಬಿಡಿ, ತೂಕ ತಪ್ಪಿದ್ರೂ ಬ್ಯಾಚ್ ಹೋಯ್ತು. ಒಂದೊಂದು ಎಣ್ಣೆಗೆ ಒಂದೊಂದು ಲೆಕ್ಕ, ನೂರು ಗ್ರಾಂ ಕೊಬ್ಬರಿ ಎಣ್ಣೆಗೆ 18 ಗ್ರಾಂ ಚಿಲ್ಲರೆ ಕಾಸ್ಟಿಕ್ ಬೇಕು, ಆಲಿವ್‌ಗೆ 13 ಗ್ರಾಂ ಚಿಲ್ಲರೆ ಸಾಕು. ಶೇಕಡಾ 5 ಎಣ್ಣೆ ಹೆಚ್ಚಿಗೆ ಬಿಟ್ಟುಕೊಳ್ಳುದು ಸಣ್ಣ ತಪ್ಪಿಗೆ ಮಾತ್ರ, ದೊಡ್ಡ ತಪ್ಪಿಗೆ ಅದು ಸಾಕಾಗುದಿಲ್ಲ. ಆ ನಾಲ್ಕು ಗಂಟೆ ಸಿಕ್ಕಿದ್ರೆ ಮನೆಗೆ ಹೋಗಿ ಮಲಗಿ.

ನೈಟ್ ಡ್ಯೂಟಿ:
ಮಕ್ಕಳ ವಾರ್ಡ್‌ನಲ್ಲೇ ಕೆಲಸ ಮಾಡ್ತೀನಿ, ನಿಮ್ಮ ಆಸ್ಪತ್ರೇಲಿ ಅಲ್ಲ ಬಿಡಿ. "ತಾಯಿ ಎಲ್ಲಿ" ಅಂತ ಕೇಳೋ ಜನ ನಾವೇ, ಸಾರಿ. ಮಂಚದ ತುದಿಗೆ ಫೈಲ್ ಮೇಲೆ "ಜೊತೆಗಿರೋರು: ತಂದೆ" ಅಂತ ದಪ್ಪಕ್ಷರದಲ್ಲಿ ಬರೆಸಿ, ಪ್ರಶ್ನೆ ಅರ್ಧ ಕಡಿಮೆ ಆಗತ್ತೆ.

ಕೆಲಸಕ್ಕೆ ಬರೋ ಮಾತು ಹೇಳ್ತೀನಿ. ರೌಂಡ್ಸ್ ಟೈಮಲ್ಲಿ ನೀವು ಅಲ್ಲಿ ಇರ್ಲೇಬೇಕು, ಮಿಕ್ಕಿದ ಹೊತ್ತಲ್ಲಿ ಇನ್ನೊಬ್ರು ಕೂತ್ರೂ ನಡೆಯತ್ತೆ. ಕುಡಿದ ನೀರು ಎಷ್ಟು, ಹೋದ ಯೂರಿನ್ ಎಷ್ಟು ಅನ್ನೋ ಚಾರ್ಟ್ ಮಾತ್ರ ಬಿಡ್ಬೇಡಿ, ಎಷ್ಟೋ ಜನ ಅಂದಾಜಲ್ಲಿ ಬರೆದು ಕೊಡ್ತಾರೆ, ಮೈಯಿಂದ ನೀರು ಹೊರಹಾಕೋ ಔಷಧಿ ಎಷ್ಟು ಕೊಡ್ಬೇಕು ಅಂತ ಡಾಕ್ಟರು ಅದನ್ನೇ ನೋಡ್ತಾರೆ. ತೂಕ ದಿನಾ ಬೆಳಗ್ಗೆ ಒಂದೇ ಹೊತ್ತಿಗೆ, ಒಂದೇ ತಕ್ಕಡೀಲಿ, ಬಟ್ಟೆ ಕಡಿಮೆ ಇರೋ ಹಾಗೆ. ಜ್ವರ ಬಂದ್ರೆ, ಹೊಟ್ಟೆ ನೋವು ಅಂದ್ರೆ, ಒಂದೇ ಕಾಲು ಜಾಸ್ತಿ ಊದಿದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ಕೂಡ್ಲೇ ಹೇಳಿ. ಈ ಮಕ್ಕಳಿಗೆ ಹೊಟ್ಟೆ ಒಳಗೆ ಇನ್ಫೆಕ್ಷನ್ ಆಗೋದು, ರಕ್ತ ಹೆಪ್ಪುಗಟ್ಟೋದು ಎರಡೂ ಆಗ್ಬಹುದು.

ಮತ್ತೆ ಗಿರಾಕಿ ಜೊತೆ ಮಾತಾಡೋಕೆ ಕಾರಿಡಾರ್‌ಗೆ ಹೋಗಿ ಪ್ಲೀಸ್. ಪಕ್ಕದ ಮಂಚದ ತಾಯಿ ಏನು ಸಹಿಸ್ಕೊಂಡಿರ್ತಾಳೋ ಯಾರಿಗೆ ಗೊತ್ತು.

ಇಬ್ಬರ ಅಮ್ಮ:
ನನ್ನ ಮಗನಿಗೆ ಮೂರು ವರ್ಷ ಇದ್ದಾಗ ನೆಫ್ರೋಟಿಕ್ ಬಂತು, ಈಗ ಒಂಬತ್ತು. ಅದಕ್ಕೆ ಸ್ವಲ್ಪ ಜಾಸ್ತಿ ಬರೀತೀನಿ.

ಮೊದಲು ಸಮಾಧಾನದ ಮಾತು. ಈ ವಯಸ್ಸಿನ ಮಕ್ಕಳಲ್ಲಿ ಹೆಚ್ಚಿನವರಿಗೆ ಸ್ಟೀರಾಯ್ಡ್ ಕೆಲಸ ಮಾಡತ್ತೆ, ನೂರರಲ್ಲಿ ಎಂಬತ್ತಕ್ಕೂ ಮೇಲೆ. ಸಾಮಾನ್ಯ ನಾಲ್ಕು ವಾರದೊಳಗೆ ಪ್ರೋಟೀನ್ ನಿಲ್ಲತ್ತೆ, ನಮ್ಮೋನಿಗೆ ಹನ್ನೊಂದನೇ ದಿನ ನಿಂತಿತ್ತು. "ಕಿಡ್ನಿ ಕಾಯಿಲೆ" ಅಂದ ತಕ್ಷಣ ಡಯಾಲಿಸಿಸ್ಸಿನ ಚಿತ್ರ ಕಣ್ಮುಂದೆ ಬರತ್ತೆ, ಸ್ಟೀರಾಯ್ಡ್‌ಗೆ ಬಗ್ಗೋ ಮಕ್ಕಳಲ್ಲಿ ಹೆಚ್ಚಿನವರು ಆ ದಾರಿಗೆ ಹೋಗೋದೇ ಇಲ್ಲ.

ಈಗ ನಿಮಗೆ ಬೇಡದ ಮಾತು. ಡಿಸ್ಚಾರ್ಜ್ ದಿನ ಎಲ್ಲಾ ಮುಗೀತು ಅಂತ ಕ್ಯಾಲೆಂಡರ್‌ನಲ್ಲಿ ಗೆರೆ ಹೊಡೀಬೇಡಿ. ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಇದು ಮತ್ತೆ ಬರತ್ತೆ, ಸುಮಾರು ಸಲ ನೆಗಡಿ ಕೆಮ್ಮಿನ ಹಿಂದೇನೇ ಬರತ್ತೆ. ನಾನು ಮೊದಲನೇ ಸಲ ಡಿಸ್ಚಾರ್ಜ್ ಆದ ವಾರಾನೇ ಟ್ಯೂಷನ್ ಸೆಂಟರ್‌ಗೆ ಜಾಗ ಬಾಡಿಗೆಗೆ ಹಿಡಿದೆ, ಅಡ್ವಾನ್ಸ್ ಕೊಟ್ಟೆ, ಬೋರ್ಡ್ ಬರೆಸಿದೆ. ಎರಡೂವರೆ ತಿಂಗಳಿಗೆ ಮಗ ಮತ್ತೆ ಊದ್ಕೊಂಡ. ಜಾಗ ಬಿಡ್ಬೇಕಾಯ್ತು. ಬೋರ್ಡ್ ಇನ್ನೂ ಅಟ್ಟದ ಮೇಲಿದೆ. ಆಮೇಲೆ ಮನೇಲೇ ಐದು ಮಕ್ಕಳಿಂದ ಶುರು ಮಾಡ್ದೆ, ತಂದೆತಾಯಿಗೆ ಮೊದಲೇ ಹೇಳ್ಬಿಡ್ತಿದ್ದೆ, ವರ್ಷದಲ್ಲಿ ಎರಡು ಮೂರು ವಾರ ಪಾಠ ಹಠಾತ್ತಾಗಿ ನಿಲ್ಲಬಹುದು, ಆ ದಿನದ ಫೀಸ್ ತಗೊಳ್ಳಲ್ಲ ಅಂತ. ಹಾಗೆ ಹೇಳಿದ್ದಕ್ಕೆ ಇಬ್ರು ಸೇರ್ಲಿಲ್ಲ, ಐದು ಜನ ಸೇರಿದ್ರು. ಆರು ವರ್ಷ ಆಯ್ತು, ನಡೀತಿದೆ.

ಮನೆಗೆ ಹೋದ್ಮೇಲೆ ಯೂರಿನ್ ಸ್ಟ್ರಿಪ್ ಕೊಡ್ತಾರೆ. ಬೆಳಗಿನ ಮೊದಲನೇ ಯೂರಿನ್, ಅದ್ದಿ ಒಂದು ನಿಮಿಷ ಬಿಟ್ಟು ಬಣ್ಣ ನೋಡೋದು. ಹಳದಿ ಇದ್ರೆ ಒಳ್ಳೇದು, ಹಸಿರಾಗ್ತಾ ಹೋದ್ರೆ ಪ್ರೋಟೀನ್. ಸತತ ಮೂರು ದಿನ ನಿಲ್ (ಏನೂ ಇಲ್ಲ) ಅಥವಾ ಟ್ರೇಸ್ (ಚೂರೇ ಚೂರು) ಬಂದ್ರೆ ನಿಂತ ಹಾಗೆ, ಸತತ ಮೂರು ದಿನ 3 ಪ್ಲಸ್ ಅಥವಾ 4 ಪ್ಲಸ್ ಬಂದ್ರೆ ವಾಪಸ್ ಬಂದ ಹಾಗೆ. ಒಂದು ದಿನದ ಬಣ್ಣಕ್ಕೆ ಕುಣೀಬೇಡಿ, ಅಳ್ಬೇಡಿ.

ಇನ್ನು ಸ್ಟೀರಾಯ್ಡ್ ಮೇಲಿರೋ ಮಗು ನಿಮ್ಮ ಮಗು ಥರ ಇರಲ್ಲ ಸ್ವಲ್ಪ ದಿನ. ಹಸಿವು ಹಸಿವು ಅಂತ ಬಡ್ಕೊಳ್ಳತ್ತೆ, ರಾತ್ರಿ ಎರಡಕ್ಕೆ ಎದ್ದು ಕೂರತ್ತೆ, ಸುಮ್ಸುಮ್ನೆ ಸಿಟ್ಟು. ಮುಖ ಗುಂಡಗಾಗತ್ತೆ. ಆಮೇಲೆ ಸರಿ ಹೋಗತ್ತೆ. ಡಾಕ್ಟರ್ ಹೇಳದೆ ಒಂದು ಡೋಸೂ ನಿಲ್ಲಿಸ್ಬೇಡಿ ಮಾತ್ರ.

ಸೋಪಪ್ಪ:
ಎಲ್ಲರಿಗೂ ಥ್ಯಾಂಕ್ಸ್, @ಖಡಕ್ ಮಾತು ನಿಮಗೂ. @ಕತ್ರಿ ದಾರ ಅಕ್ಕ, ಫೋನ್ ಮಾಡ್ದೆ. ಕಾರಿಡಾರ್ ತುದೀಲಿ ಸ್ಟ್ರೆಚರ್ ಪಕ್ಕ ನಿಂತು. ಮಗಳು ಅಡ್ಮಿಟ್ ಆಗಿದಾಳೆ ಮೇಡಂ, 80 ಗ್ಯಾರಂಟಿ, ಅದಕ್ಕಿಂತ ಜಾಸ್ತಿ ಹೇಳೋ ಸ್ಥಿತೀಲಿ ನಾನಿಲ್ಲ ಅಂದೆ. ಆ ಕಡೆ ಸದ್ದೇ ಇಲ್ಲ. ಆಮೇಲೆ "120 ಆದ್ರೂ ಆಗಲ್ವಾ?" ಅಂದ್ರು. ಆಗತ್ತೆ ಅಂತ ನಾಲಿಗೆ ತುದಿಗೆ ಬಂದಿತ್ತು. ಇಲ್ಲ ಅಂದೆ. ಸರಿ, 80 ಮುಖ್ಯ ಅತಿಥಿಗಳಿಗೆ ಇಟ್ಕೊಳ್ತೀವಿ, ಉಳಿದವ್ರಿಗೆ ಬೇರೆ ನೋಡ್ತೀವಿ, ಅಡ್ವಾನ್ಸ್ 80ಕ್ಕೆ ಹೆಚ್ಚುಕಮ್ಮಿ ಸರಿ ಹೋಗತ್ತೆ ಬಿಡಿ ಅಂದ್ರು. ಕೊನೇಲಿ ಮಗು ಹೆಸರು ಕೇಳಿದ್ರು.

ಫೋನ್ ಇಟ್ಮೇಲೆ ಹಗುರ ಆಗ್ಬೇಕಿತ್ತು, ಆಗ್ಲಿಲ್ಲ. ಅಷ್ಟು ಸುಲಭಕ್ಕೆ ಬಿಟ್ಕೊಟ್ರಲ್ಲ, ನನ್ನ ಸೋಪ್ ಅವರಿಗೆ ಅಷ್ಟು ಮುಖ್ಯ ಇರ್ಲಿಲ್ವಾ ಅಂತ ಅನ್ನಿಸ್ತು. ಮನುಷ್ಯನ ಬುದ್ಧಿ ನೋಡಿ.

ಮಗಳು ಪರವಾಗಿಲ್ಲ. ಆಲ್ಬುಮಿನ್ ಡ್ರಿಪ್ ಹಾಕಿ ಆಮೇಲೆ ನೀರು ಹೋಗೋ ಇಂಜೆಕ್ಷನ್ ಕೊಟ್ರು, ಒಂದೇ ದಿನಕ್ಕೆ 900 ಗ್ರಾಂ ಇಳಿದ್ಳು. ಯೂರಿನ್ ಅಳೆಯೋ ಜಾರ್ ನನ್ನ ಸುಪರ್ದೀಲಿದೆ, ಅವಳೇ ಗೆರೆ ಓದಿ ಹೇಳ್ತಾಳೆ.

ಎರಡನೇ ಇನ್ನಿಂಗ್ಸ್:
ಹೆಸರು ಕೇಳಿದ್ರಲ್ಲ, ಆ ಗಿರಾಕೀನ ಬಿಡ್ಬೇಡಿ.

ಕತ್ರಿ ದಾರ:
ಚೊಲೋ ಆತು ನೋಡ್ರಿ. ಇನ್ನ ಮಲ್ಕೋರಿ.

ಸೋಪಪ್ಪ:
ಏಳನೇ ದಿನ. ಬೈಸ್ಕೊಳ್ಳೋಕೆ ಬಂದಿದೀನಿ.

ನಿನ್ನೆ ರಾತ್ರಿ ಹೆಂಡ್ತಿ ಬಂದು ಕೂತ್ಳು, ನೀನು ಹೋಗಿ ಮಲ್ಕೋ ಅಂದ್ಳು. ಮನೆಗೆ ಹೋದೆ. ಎಣ್ಣೆ ಡಬ್ಬಗಳು ಹಾಗೇ ಸಾಲಾಗಿ ನಿಂತಿದ್ವು. ಒಂದೇ ಒಂದು ಬ್ಯಾಚ್, ಮೇಡಂಗೆ ಸರ್ಪ್ರೈಸ್ ಆಗಿ ಇನ್ನೂ 40 ಕೊಡ್ಬಹುದು ಅಂತ ಶುರು ಮಾಡ್ಬಿಟ್ಟೆ. ಕನ್ನಡಕ, ಗ್ಲೌಸ್ ಎಲ್ಲಾ ಹಾಕಿದ್ದೆ, ಕಾಸ್ಟಿಕ್ ನೀರಿಗೇ ಹಾಕಿದ್ದು, ಅದ್ರಲ್ಲೇನೂ ತಪ್ಪಿಲ್ಲ. ಮಿಕ್ಸ್ ಮಾಡ್ದೆ, ಟ್ರೇಸ್ ಬಂತು (ಎಣ್ಣೆ ಕಾಸ್ಟಿಕ್ ಬೆರೆತು ಗಟ್ಟಿ ಆಗೋಕೆ ಶುರು ಆಗೋದನ್ನ ನಾವು ಹಾಗಂತೀವಿ), ಮಾಮೂಲಿಗಿಂತ ಬೇಗ ಗಟ್ಟಿ ಆಯ್ತು, ನಾನು ಅದನ್ನೂ ಒಳ್ಳೇದೇ ಅಂದ್ಕೊಂಡೆ. ಅಚ್ಚಿಗೆ ಸುರಿದು ಪಾತ್ರೆ ತೊಳೆಯೋಕೆ ಅಂತ ಸ್ಟೌ ಕಡೆ ತಿರುಗಿದ್ರೆ ಸಣ್ಣ ಪಾತ್ರೇಲಿ ಕರಗಿಸಿಟ್ಟ ಕೊಬ್ಬರಿ ಎಣ್ಣೆ ಹಾಗೇ ಇದೆ. 480 ಗ್ರಾಂ. ತಳಕ್ಕೆ ಬಲ್ಬಿನ ಬೆಳಕು ಬಿದ್ದು ಚೆನ್ನಾಗಿ ಹೊಳೀತಿತ್ತು.

@ತಕ್ಕಡಿ ಅಣ್ಣ, ನಾಲ್ಕು ಅಚ್ಚು, 40 ಸೋಪ್. ಬಿಸಾಡ್ಬೇಕಾ?

ತಕ್ಕಡಿ:
ಹೇಳಿದ್ದೆ ಅಲ್ವ ಮಾರಾಯ್ರೆ. ಇರ್ಲಿ. 480 ಗ್ರಾಂ ಅಂದ್ರೆ ಹತ್ತಿರ ಹತ್ತಿರ 88 ಗ್ರಾಂ ಕಾಸ್ಟಿಕ್‌ಗೆ ಜೋಡಿ ಇಲ್ಲ. 5 ಶೇಕಡಾ ಬಿಟ್ಟದ್ದು ಅದರಲ್ಲಿ ಸ್ವಲ್ಪ ತಿಂದೀತು, ಎಲ್ಲ ತಿನ್ಲಿಕ್ಕೆ ಆಗುದಿಲ್ಲ. ಯಾರ ಮೈಗೂ ಹಚ್ಲಿಕ್ಕಿಲ್ಲ ಅದನ್ನು, ಎಷ್ಟು ವಾರ ಒಣಗಿಸಿದ್ರೂ ಇಲ್ಲ. ಬಿಸಾಡುದು ಬೇಡ. ಗ್ಲೌಸ್ ಹಾಕಿ ತುರಿದು, ಸಣ್ಣ ಉರಿಯಲ್ಲಿ ಆ ಬಿಟ್ಟು ಹೋದ ಎಣ್ಣೆಯನ್ನೇ ತೂಕ ಮಾಡಿ ಸೇರಿಸಿ ಮತ್ತೆ ಬೇಯಿಸಿದ್ರೆ ಸರಿ ಆಗ್ತದೆ. ನೋಡ್ಲಿಕ್ಕೆ ಮಾತ್ರ ಚಂದ ಇರುದಿಲ್ಲ, ಮಾರ್ಲಿಕ್ಕೆ ಆಗ್ಲಿಕ್ಕಿಲ್ಲ. ಈಗ ಮಾಡ್ಬೇಡಿ!! ಬಾಗಿಲು ಹಾಕಿ ಇಡಿ, ಮಗು ಮನೆಗೆ ಬಂದ ಮೇಲೂ ಆ ಕೋಣೆಗೆ ಬೀಗ ಇರ್ಬೇಕು.

ನೈಟ್ ಡ್ಯೂಟಿ:
ಬೈಯಲ್ಲ. ಆದ್ರೆ ಒಂದು ಕೇಳ್ತೀನಿ, ಅವತ್ತು ಮಲಗಿದ್ರಾ?

ಸೋಪಪ್ಪ:
ಇಲ್ಲ.

ಖಡಕ್ ಮಾತು:
ಮೊದಲನೇ ಕಾಮೆಂಟ್ ಸ್ವಲ್ಪ ಜೋರಾಯ್ತು, ಕ್ಷಮಿಸಿ. ನನ್ನ ತಂಗಿ ಮಗು ಐಸಿಯುನಲ್ಲಿದ್ದಾಗ ಭಾವ ಫೋನಲ್ಲಿ ಸರಕಿನ ಮಾತಾಡ್ತಿದ್ದ, ಆ ಸಿಟ್ಟು ನಿಮ್ಮ ಮೇಲೆ ತೀರಿಸ್ಕೊಂಡೆ. ಅವನಿಗೂ ಅವತ್ತು ಯಾರಾದ್ರೂ ಮನೆಗೆ ಹೋಗಿ ಮಲ್ಕೋ ಅಂದಿದ್ರೆ ಚೆನ್ನಾಗಿರ್ತಿತ್ತೇನೋ.

ಇನ್ಶೂರೆನ್ಸ್ ಬಗ್ಗೆ ಗೊತ್ತಿರೋದು ಹೇಳ್ತೀನಿ, ಅದೇ ನನ್ನ ಕೆಲಸ. ಡಿಸ್ಚಾರ್ಜ್ ಸಮ್ಮರಿ, ಪ್ರತಿಯೊಂದು ಲ್ಯಾಬ್ ರಿಪೋರ್ಟ್, ಔಷಧಿ ಬಿಲ್ಲಿನ ಜೊತೆ ಅದರ ಪ್ರಿಸ್ಕ್ರಿಪ್ಷನ್, ಎಲ್ಲದರ ಫೋಟೋ ತೆಗೆದಿಡಿ. ಥರ್ಮಲ್ ಪೇಪರ್ ಬಿಲ್ಲು ಕೆಲವು ತಿಂಗಳಲ್ಲೇ ಮಾಸಿ ಹೋಗ್ಬಹುದು. ಪಾಲಿಸೀಲಿ ರೂಮ್ ಬಾಡಿಗೆಗೆ ಮಿತಿ ಇದ್ಯಾ ನೋಡಿ, ಅದನ್ನ ಮೀರಿದ ರೂಮ್ ತಗೊಂಡ್ರೆ ಕೆಲವು ಪಾಲಿಸಿಗಳಲ್ಲಿ ಡಾಕ್ಟರ್ ಫೀಸಿಗೂ ಅದೇ ಅನುಪಾತದಲ್ಲಿ ಕತ್ತರಿ ಬೀಳತ್ತೆ. ಅಡ್ಮಿಷನ್ ಮುಂಚಿನ, ಆಮೇಲಿನ ಖರ್ಚಿಗೂ ಒಂದಿಷ್ಟು ದಿನದ ಲೆಕ್ಕ ಇರತ್ತೆ, ಹೆಂಡ್ತಿ ಆಫೀಸಲ್ಲಿ ಕೇಳ್ಸಿ, ಸ್ಟ್ರಿಪ್ ಡಬ್ಬದ ಬಿಲ್ಲೂ ಬಿಡ್ಬೇಡಿ.

ಸೋಪಪ್ಪ:
@ಖಡಕ್ ಮಾತು ಸರ್, ಮರೆತ್ಬಿಡಿ ಅದನ್ನ. ರೂಮ್ ಬಾಡಿಗೆ ವಿಷಯ ನಮಗೆ ಗೊತ್ತೇ ಇರ್ಲಿಲ್ಲ, ನಾವು ಜನರಲ್ ವಾರ್ಡ್‌ನಲ್ಲಿರೋದು ಪುಣ್ಯಕ್ಕೆ.

ಇವತ್ತು ಹತ್ತನೇ ದಿನ, ಡಿಸ್ಚಾರ್ಜ್. ತೂಕ 17.8. ಕಾಲು ನೋಡಿದ್ರೆ ಕಡ್ಡಿ ಥರ ಇದೆ, ಇಷ್ಟು ದಿನ ನೀರೇ ತೂಗ್ತಿತ್ತು. ಸ್ಟ್ರಿಪ್ ಇನ್ನೂ 2 ಪ್ಲಸ್, ಆದ್ರೆ ಇಳೀತಿದೆ, ಉಳಿದಿದ್ದು ಮನೇಲೇ ನೋಡಿ ಅಂದ್ರು. ಆರು ವಾರ ದಿನಾ ಸ್ಟೀರಾಯ್ಡ್, ಆಮೇಲೆ ಆರು ವಾರ ದಿನ ಬಿಟ್ಟು ದಿನ. ಉಪ್ಪು ಕಡಿಮೆ. ಲೈವ್ ವ್ಯಾಕ್ಸಿನ್ (ದುರ್ಬಲ ಮಾಡಿದ ಜೀವಂತ ರೋಗಾಣು ಇರೋ ಲಸಿಕೆ) ಈಗ ಬೇಡ, ಸ್ಕೂಲಲ್ಲಿ ಯಾರಿಗಾದ್ರೂ ಚಿಕನ್‌ಪಾಕ್ಸ್ ಬಂದ್ರೆ ಅವತ್ತೇ ಫೋನ್ ಮಾಡಿ ಅಂದ್ರು.

ಆಟೋದಲ್ಲಿ ಕೂತ್ಕೊಂಡು ಮಗಳು ಕೇಳಿದ್ಳು, "ಅಪ್ಪಾ ಜಾರ್ ತರ್ಲಿಲ್ವಾ?"

ಇಬ್ಬರ ಅಮ್ಮ:
😄 ಅಳತೆ ಗ್ಲಾಸ್ ಒಂದು ಕೊಡಿಸಿ, ಆಟ ಆಡ್ತಾಳೆ. ಒಂದು ನೋಟ್‌ಬುಕ್ ಮಾಡಿ, ತಾರೀಖು, ತೂಕ, ಸ್ಟ್ರಿಪ್, ಔಷಧಿ, ನೆಗಡಿ ಜ್ವರ ಏನಾದ್ರೂ ಇದ್ರೆ ಅದು. ಪ್ರತಿ ವಿಸಿಟ್‌ನಲ್ಲಿ ಡಾಕ್ಟರ್ ಮೊದಲು ಅದನ್ನೇ ಕೇಳ್ತಾರೆ.

ಸೋಪಪ್ಪ:
ಹದಿನಾಲ್ಕನೇ ದಿನ. ಟ್ರೇಸ್ ಬಂತು!!! ಮೊನ್ನೆಯಿಂದ ಮೂರನೇ ಸಲ!

ತಕ್ಕಡಿ:
ಮತ್ತೆ ಸೋಪ್ ಮಾಡ್ಲಿಕ್ಕೆ ಹೊರಟ್ರಾ ನೀವು??

ಸೋಪಪ್ಪ:
ಅಯ್ಯೋ ಸೋಪಿನ ಟ್ರೇಸ್ ಅಲ್ಲ ಅಣ್ಣ, ಯೂರಿನ್ ಟ್ರೇಸ್. ಮೂರು ದಿನ ಸತತ. ಡಾಕ್ಟರ್‌ಗೆ ಫೋಟೋ ಕಳ್ಸಿದೆ, ರೆಮಿಷನ್ ಅಂದ್ರು, ಅಂದ್ರೆ ಸದ್ಯಕ್ಕೆ ಕಾಯಿಲೆ ಹತೋಟಿಗೆ ಬಂದಿದೆ. ಟ್ರೇಸ್ ಅನ್ನೋದು ನಾನು ನಾಲ್ಕು ತಿಂಗಳಿಂದ ದಿನಾ ಹೇಳ್ತಿದ್ದ ಪದ, ಈಗ ಮನೇಲಿ ಯಾರು ಟ್ರೇಸ್ ಅಂದ್ರೂ ಹೆಂಡ್ತಿ ಅಡುಗೆಮನೆಯಿಂದ ಓಡಿ ಬರ್ತಾಳೆ.

ಕತ್ರಿ ದಾರ:
ದೇವ್ರು ದೊಡ್ಡಾವ. ಕಣ್ಣಾಗ ನೀರು ಬಂತು ನೋಡ್ರಿ.

ಸೋಪಪ್ಪ:
ಕೆಲವರು ಮೆಸೇಜ್ ಮಾಡಿ ಕೇಳಿದ್ರಿ, ಬರೆಯೋಕೆ ಆಗಿರ್ಲಿಲ್ಲ, ಎಂಟು ವಾರ ಆದ್ಮೇಲೆ ಬರ್ತಿದೀನಿ.

ಡಿಸ್ಚಾರ್ಜ್ ಆಗಿ ಒಂದು ವಾರಕ್ಕೆ, ಚೆನ್ನಾಗಿ ಎರಡು ರಾತ್ರಿ ನಿದ್ದೆ ಮಾಡಿ, ಹಗಲು ಹೊತ್ತಲ್ಲಿ, ಬಾಮೈದನ್ನ ಕರೆಸ್ಕೊಂಡು ಒಂದು ಬ್ಯಾಚ್ ಮಾಡ್ದೆ. ಅವನ ಕೆಲಸ ಒಂದೇ, ಚೀಟಿ ಹಿಡ್ಕೊಂಡು ಒಂದೊಂದು ಪಾತ್ರೆ ಖಾಲಿ ಆದ ಹಾಗೆ ಜೋರಾಗಿ ಓದಿ ಟಿಕ್ ಹಾಕೋದು. ಮಗಳು ಅಜ್ಜಿ ಮನೇಲಿದ್ಳು ಅವತ್ತು. ಆ 40 ಸರಿಯಾಗಿ ಬಂದ್ವು. ನಾಲ್ಕು ವಾರ ಒಣಗಿ ತೂಕ ಹಾಕಿದ್ಮೇಲೆ, ಕೈಗೆ ಬಂದ್ಮೇಲೆ, ಮೇಡಂಗೆ ಫೋನ್ ಮಾಡಿ "ಇನ್ನೂ 40 ಇದೆ, ಬೇಕಾದ್ರೆ" ಅಂದೆ. ತಗೊಂಡ್ರು. ಒಟ್ಟು 120.

ಒಂದು ವಿಷಯ ಹೊಸದಾಗಿ ಮಾಡೋರಿಗೆ: ಸುರಿದಾಗ 115 ಗ್ರಾಂ ಇದ್ದಿದ್ದು ಒಣಗಿದ್ಮೇಲೆ 101, 102 ಆಯ್ತು, ನೀರು ಹಾರಿ ಹೋಗತ್ತಲ್ಲ. ಲೇಬಲ್ ಮೊದಲೇ ಅಚ್ಚು ಹಾಕಿಸೋರು ಇದನ್ನ ನೋಡ್ಕೊಳ್ಳಿ. ಒಣಗೋ ಮುಂಚಿನ ತೂಕ ಬರೆದ್ರೆ ಗಿರಾಕಿಗೆ ಸುಳ್ಳು ಹೇಳಿದ ಹಾಗೆ.

ಎರಡನೇ ಇನ್ನಿಂಗ್ಸ್:
ಮುಂದಿನ ಆರ್ಡರ್ ಹೇಗೆ ತಗೊಳ್ತಿದೀರಿ? ಅದೇ ನನಗೆ ಕುತೂಹಲ.

ಸೋಪಪ್ಪ:
ಒಣಗಿ ಶೆಲ್ಫ್ ಮೇಲೆ ಇರೋದನ್ನ ಮಾತ್ರ ಮಾರ್ತೀನಿ. ಮೊದಲು ಆರ್ಡರ್ ತಗೊಂಡು ಆಮೇಲೆ ಸುರೀತಿದ್ದೆ, ಈಗ ಮೊದಲು ಸುರಿಯೋದು. ಯಾರಾದ್ರೂ 300 ಬೇಕು ಅಂದ್ರೆ ಶೆಲ್ಫ್ ನೋಡಿ 90 ಇದೆ ಅಂತೀನಿ. ಅಡ್ವಾನ್ಸ್ ತಗೊಳ್ಳೋದು ಬಿಟ್ಟೆ. ಇದ್ರಿಂದ ಎಣ್ಣೆ ದುಡ್ಡು ಕೈಯಿಂದ ಹಾಕ್ಬೇಕು, ವ್ಯಾಪಾರ ನಿಧಾನ, ಎರಡು ಆರ್ಡರ್ ಕೈ ತಪ್ಪಿ ಹೋದ್ವು, ಅದು ಹೊಟ್ಟೆ ಉರಿಯತ್ತೆ, ಇಲ್ಲ ಅನ್ನಲ್ಲ. ಮಾರೋಕೆ ಲೈಸೆನ್ಸಿಂದೂ ಕೆಲಸ ಇದೆ ನೋಡಿ, ಆ ಕಾಗದ ಪತ್ರ ರಾತ್ರಿ ಕೂತು ಮಾಡೋ ಅಂಥದ್ದು, ಅದನ್ನ ಈಗ ಮುಗಿಸ್ತಿದೀನಿ.

ಸೋಪಪ್ಪ:
ಮೂರು ವಾರ ಆಯ್ತು ಬರೆದು. @ಇಬ್ಬರ ಅಮ್ಮ, ನೀವು ಹೇಳಿದ್ದು ಆಯ್ತು. ಮೊನ್ನೆ ನೆಗಡಿ ಆಗಿತ್ತು ಅವಳಿಗೆ. ಸೋಮವಾರ 2 ಪ್ಲಸ್. ಮಂಗಳವಾರ 3, ಬುಧವಾರ 3, ಗುರುವಾರ 4. ರೆಪ್ಪೆ ಸ್ವಲ್ಪ ಭಾರ ಆಗಿತ್ತು ಅಷ್ಟೇ, ಸ್ಟ್ರಿಪ್ ಇರ್ಲಿಲ್ಲ ಅಂದ್ರೆ ಗೊತ್ತೇ ಆಗ್ತಿರ್ಲಿಲ್ಲ. ಗುರುವಾರಾನೇ ಡಾಕ್ಟರ್ ಹತ್ರ ಹೋದ್ವಿ, ಪರೀಕ್ಷೆ ಮಾಡಿ ಅಡ್ಮಿಟ್ ಬೇಡ ಅಂದ್ರು, ಸ್ಟೀರಾಯ್ಡ್ ಮತ್ತೆ ದಿನಾ ಕೊಡಿ, ಮೂರು ದಿನ ನಿಲ್ ಬಂದ್ಮೇಲೆ ದಿನ ಬಿಟ್ಟು ದಿನ ನಾಲ್ಕು ವಾರ ಅಂತ. ನೋಟ್‌ಬುಕ್ ತಿರುವಿ ನೋಡಿ "ಯಾರು ಬರೆಯೋದು ಇದನ್ನ?" ಅಂದ್ರು. ನಾನೇ ಅಂದೆ. ಎಡಗಡೆ ಪುಟದಲ್ಲಿ ಸ್ಟ್ರಿಪ್, ಬಲಗಡೆ ಪುಟದಲ್ಲಿ ಸೋಪಿನ ಬ್ಯಾಚ್, ಒಂದೇ ನೋಟ್‌ಬುಕ್. ಅವರು ಬಲಗಡೆ ಪುಟಾನೂ ಓದಿದ್ರು ಅನ್ಸತ್ತೆ, ಲ್ಯಾವೆಂಡರ್ ಇದ್ರೆ ಎರಡು ತನ್ನಿ ಅಂದ್ರು.

ಈ ಸಲ ಯಾವ ಗಿರಾಕಿಗೂ ಫೋನ್ ಮಾಡೋ ಕೆಲಸ ಬೀಳ್ಲಿಲ್ಲ. ಶೆಲ್ಫಲ್ಲಿ 64 ಇದೆ, ಒಣಗ್ತಿದೆ.

ಇಬ್ಬರ ಅಮ್ಮ:
ಗುರುವಾರಾನೇ ಹೋಗಿದ್ದು ಒಳ್ಳೇದಾಯ್ತು. ನಮ್ಮೋನಿಗೆ ಮೊದಲನೇ ಸಲ ವಾಪಸ್ ಬಂದಾಗ ನಾನು ಒಂಬತ್ತು ದಿನ ಕಾದೆ, ಆ ಬಾಡಿಗೆ ಜಾಗದ ಗಡಿಬಿಡೀಲಿ. ಇವತ್ತೆಷ್ಟು?

ಸೋಪಪ್ಪ:
ಇವತ್ತು 1 ಪ್ಲಸ್. ಬಣ್ಣ ಅವಳೇ ಡಬ್ಬದ ಚಾರ್ಟ್‌ಗೆ ಹಿಡಿದು ನೋಡ್ತಾಳೆ, ಹಸಿರು ಅಂದ್ರೆ ಮುಖ ಸಣ್ಣ ಮಾಡ್ತಾಳೆ ಅಂತ ಇವತ್ತು ನಾನು ಮೊದಲು ಕದ್ದು ನೋಡಿದ್ದೆ. "ಅಪ್ಪಾ ಇದು ಹಸಿರಲ್ಲ, ಹಳದಿ ಜಾಸ್ತಿ ಇರೋ ಹಸಿರು" ಅಂದ್ಳು.

ತಕ್ಕಡಿ:
ಒಂದು ಕೇಳ್ಲಿಕ್ಕೆ ಬಾಕಿ ಇತ್ತು. ಆ ಹಾಳಾದ ನಲವತ್ತು ಏನಾಯ್ತು?

ಸೋಪಪ್ಪ:
ನೀವು ಹೇಳಿದ ಹಾಗೇ ಮಾಡ್ದೆ ಅಣ್ಣ, ತುರಿದು, ಆ 480 ಗ್ರಾಂ ಎಣ್ಣೆ ಹಾಕಿ, ಸಣ್ಣ ಉರೀಲಿ ಬೇಯಿಸಿ. ಬಾಮೈದ ಟಿಕ್ ಹಾಕಿದ. ನಾಲ್ಕು ವಾರ ಬಿಟ್ಟು ನಾಲಿಗೆಗೆ ಮುಟ್ಟಿಸಿ ನೋಡ್ದೆ, ಕಾಸ್ಟಿಕ್ ಉಳಿದಿದ್ರೆ ಚುರುಕ್ ಅನ್ನತ್ತೆ, ಅನ್ಲಿಲ್ಲ. ನೋಡೋಕೆ ಸವೆದ ಮೆಟ್ಟಿಲು ಕಲ್ಲಿನ ಥರ ಇವೆ, ಒಂದಕ್ಕೊಂದು ಹೋಲಲ್ಲ. ಮಾರ್ತಿಲ್ಲ. ಮನೇಲಿ ಕೈ ತೊಳೆಯೋಕೆ ಅದೇ ಈಗ, ಸಿಂಕ್ ಹತ್ರ ಒಂದು, ಬಾತ್‌ರೂಮಲ್ಲಿ ಒಂದು. ನೊರೆ ಮಾತ್ರ ಸಖತ್ತಾಗಿ ಬರ್ತಿದೆ.